ಪದಚರ್ಚೆ: ‘ಮುನ್ನೆಚ್ಚರಿಕೆ’ ಕೊಡುವುದಾ, ವಹಿಸುವುದಾ?

ಗೆಳೆಯರಿಗೆ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಮಳೆ ಹಿಡಿದು ನಾಲ್ಕು ದಿನ ಆಯಿತು. ಕರೆಂಟ್ ಬಂದು ಹೋಗಿ ಮಾಡುತ್ತಿದೆ, ಇರುವಾಗಲೇ ಕೇಳಿಬಿಡುತ್ತೇನೆ.

ಜ್ವಾಲಾಮುಖಿ, ಬಿರುಮಳೆ ಇಂಥ ಅಪಾಯಗಳ ಮೇಲೆ ಹೇಗೆ ಕಣ್ಣಿಡುತ್ತಾರೆ, ಜನಕ್ಕೆ ಹೇಗೆ ಹೇಳುತ್ತಾರೆ ಅಂತ ಶಾಲೆ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ವಾಚ್, ಅಲರ್ಟ್, ವಾರ್ನಿಂಗ್ ಅಂತ ಬೇರೆ ಬೇರೆ ಮೆಟ್ಟಿಲುಗಳಿವೆ. ಕನ್ನಡದಲ್ಲಿ ಬರೆಯಲು ಕೂತರೆ ಎಲ್ಲದಕ್ಕೂ ‘ಎಚ್ಚರಿಕೆ’ಯೇ ಬರುತ್ತಿದೆ. ಹೆಚ್ಚೆಂದರೆ ಮುಂದೆ ಒಂದು ‘ಮುನ್’ ಸೇರಿಸಬಹುದು.

ಆ ‘ಮುನ್ನೆಚ್ಚರಿಕೆ’ಯೇ ದೊಡ್ಡ ತಲೆನೋವು. ‘ಮಳೆಯ ಮುನ್ನೆಚ್ಚರಿಕೆ ನೀಡಲಾಗಿದೆ’ ಅಂದಾಗ ಅದು ಸುದ್ದಿ. ‘ಜನ ಮುನ್ನೆಚ್ಚರಿಕೆ ವಹಿಸಬೇಕು’ ಅಂದಾಗ ಅದು ಕೆಲಸ. ಪದ ಒಂದೇ. ಕಳೆದ ಮಳೆಗಾಲದಲ್ಲಿ ಮೊಬೈಲಿಗೆ ಒಂದು ಸಂದೇಶ ಬಂತು: ‘ಭಾರಿ ಮಳೆಯ ಮುನ್ನೆಚ್ಚರಿಕೆ ಇರುವುದರಿಂದ ಮುನ್ನೆಚ್ಚರಿಕೆ ಕ್ರಮವಾಗಿ ಎಚ್ಚರಿಕೆಯಿಂದ ಇರಿ.’ ಪಕ್ಕದ ಮನೆ ಅಜ್ಜಿಗೆ ಓದಿ ಹೇಳಿದೆ. ‘ಅದೆಲ್ಲ ಸರಿ ಮಗಾ, ಮನೆ ಬಿಡಬೇಕಾ ಬೇಡವಾ?’ ಅಂದರು. ಸಂದೇಶವನ್ನು ಇನ್ನೊಮ್ಮೆ ಓದಿದೆ. ಉತ್ತರ ಸಿಗಲಿಲ್ಲ.

ಅಜ್ಜಿ ಸುಮ್ನೆ ಕೇಳಿದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ ಕಡೆ ಬೆಟ್ಟ ಜರಿದಾಗ ಅವರ ತಮ್ಮನ ಮನೆಯವರು ಕಾಫಿ ತೋಟದೊಳಗಿನ ದಾರಿಯಲ್ಲಿ ನಡೆದು ಪಾರಾಗಿ ಬಂದವರು. ಅವರನ್ನು ಹೊರಡಿಸಿದ್ದು ಯಾವ ಅಲರ್ಟೂ ಅಲ್ಲ. ಅಂಗಳದಲ್ಲಿ ಕೈ ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು. ಮನೆ ಹಿಂದಿನ ತೋಡಿನಲ್ಲಿ ಕೆಂಪು ನೀರು ಬರತೊಡಗಿತ್ತು. ‘ತೋಡು ಕೆಂಪಾಯ್ತು’ ಅಂತ ಒಬ್ಬರು ಕೂಗಿದರಂತೆ. ಯಾರೂ ಅರ್ಥ ಕೇಳಲಿಲ್ಲ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಸಿರು ಅಂದರೆ ಏನೂ ಇಲ್ಲ. ಹಳದಿ ಅಂದರೆ ವಾಚ್, ಗಮನ ಇಟ್ಟಿರಿ. ಆರೆಂಜ್ ಅಂದರೆ ಅಲರ್ಟ್, ತಯಾರಾಗಿ. ಕೆಂಪು ಅಂದರೆ ವಾರ್ನಿಂಗ್, ಮಾಡಬೇಕಾದ್ದನ್ನು ಈಗಲೇ ಮಾಡಿ. ಅಂದರೆ ಅಲರ್ಟ್ ಅನ್ನುವುದು ನಡುವಿನ ಮೆಟ್ಟಿಲು ಮಾತ್ರ. ನಾವು ಮೂರಕ್ಕೂ ಅದನ್ನೇ ಅಂಟಿಸಿ ಯೆಲ್ಲೋ ಅಲರ್ಟ್, ರೆಡ್ ಅಲರ್ಟ್ ಮಾಡಿಕೊಂಡಿದ್ದೇವೆ. ನಮ್ಮೂರ ಮಕ್ಕಳ ನಿಘಂಟಿನಲ್ಲಂತೂ ರೆಡ್ ಅಲರ್ಟ್ ಅಂದರೆ ಶಾಲೆಗೆ ರಜೆ. ‘ಕಿತ್ತಳೆ ಎಚ್ಚರಿಕೆ’ ಅಂತಲೂ ಬರೆದು ನೋಡಿದೆ. ಕೊಡಗಿನ ಕಿತ್ತಳೆ ಹಣ್ಣಾದರೂ ಹಸಿರು-ಹಳದಿ ಬಣ್ಣದಲ್ಲೇ ಇರುತ್ತದೆ ಅಲ್ವಾ, ಇಲ್ಲಿ ನಡೆಯಲ್ಲ.

ಮಳೆಯ ಪದಗಳೂ ಹಾಗೇ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ‘ಭಾರಿ’, 115.6 ಆದರೆ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಂತ ಭಾರಿ’. ‘ಅತಿ’ಗೂ ‘ಅತ್ಯಂತ’ಕ್ಕೂ ಇರುವ ದೂರ ಕಿವಿಗೆ ಗೊತ್ತಾಗುವುದೇ ಇಲ್ಲ. ಇಲ್ಲಿ ತೋಟದವರು ಮಳೆ ಅಳೆಯುವುದು ಇಂಚು, ಸೆಂಟ್‌ನಲ್ಲಿ (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು). ‘ನಿನ್ನೆ ಎರಡು ಇಂಚು ಇಪ್ಪತ್ತು ಸೆಂಟ್’ ಅನ್ನುತ್ತಾರೆ. ‘ಅತ್ಯಂತ ಭಾರಿ’ ಅಂದರೆ ಅಜ್ಜಿ ಅಡಿಕೆ ಕತ್ತರಿಸುತ್ತಾ ಕೂತಿರುತ್ತಾರೆ. ‘ಎಂಟು ಇಂಚು ಬರುತ್ತದಂತೆ’ ಅಂದರೆ ಎದ್ದು ಗಂಟು ಕಟ್ಟುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ಲೆಕ್ಕ.

ಜ್ವಾಲಾಮುಖಿಗೆ ಬಂದರೆ ಗೋಜಲು ಇನ್ನೂ ಜಾಸ್ತಿ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯವರು ಅದಕ್ಕೆ ನಾರ್ಮಲ್, ಅಡ್ವೈಸರಿ, ವಾಚ್, ವಾರ್ನಿಂಗ್ ಅಂತ ನಾಲ್ಕು ಮೆಟ್ಟಿಲು ಇಟ್ಟಿದ್ದಾರೆ. ಅಲ್ಲಿ ವಾಚ್‌ನ ಬಣ್ಣ ಆರೆಂಜ್, ನಮ್ಮ ಮಳೆಯ ವಾಚ್ ಹಳದಿ. ಪದಕ್ಕೆ ಪದ ಇಟ್ಟರೆ ಮಕ್ಕಳು ಒಂದು ಮೆಟ್ಟಿಲು ತಪ್ಪುತ್ತಾರೆ. ಇಂಡೋನೇಷ್ಯಾದವರು ನಾರ್ಮಲ್ ಒಂದನ್ನು ಬಿಟ್ಟು ಮೇಲಿನ ಮೂರಕ್ಕೆ ವಸ್ಪಾದ, ಸಿಯಾಗ, ಆವಾಸ್ ಅಂತ ತಮ್ಮ ಮಾತನ್ನೇ ಇಟ್ಟುಕೊಂಡಿದ್ದಾರೆ. ‘ಆವಾಸ್!’ ಅಂದರೆ ಅಲ್ಲಿ ಬೀದಿಯಲ್ಲಿ ‘ಹುಷಾರ್!’ ಅಂತ ಕೂಗುವ ಮಾತು. ನನಗೆ ಇದು ತುಂಬ ಹಿಡಿಸಿತು. (ನಮ್ಮ ದೇಶದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ಅಲ್ಲಿ ಜನವಸತಿಯೇ ಇಲ್ಲ. ಹಾಗಾಗಿ ಕನ್ನಡಕ್ಕೆ ಆ ತುರ್ತು ಬಂದಿಲ್ಲವೇನೋ.)

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ‘ನಿಗಾ’, ‘ಸಜ್ಜು’, ‘ಹೊರಡಿ’. ಮೂರರಲ್ಲೂ ತಕರಾರಿದೆ. ‘ವೈದ್ಯರ ನಿಗಾದಲ್ಲಿ’ ಅಂತ ಕೇಳಿ ಕೇಳಿ, ನಿಗಾ ಅಂದರೆ ಬೇರೆ ಯಾರೋ ನಮ್ಮನ್ನು ನೋಡಿಕೊಳ್ಳುತ್ತಾರೆ ಅನಿಸುತ್ತದೆ. ಇಲ್ಲಿ ನೋಡಬೇಕಾದವರು ನಾವು. ‘ಸಜ್ಜು’ ಅಂದ ಕೂಡಲೇ ‘ದಸರಾಕ್ಕೆ ಮಡಿಕೇರಿ ಸಜ್ಜು’ ನೆನಪಾಗಿ ಹಬ್ಬದ ವಾಸನೆ ಬರುತ್ತದೆ. ‘ಹೊರಡಿ’ ಬೆಟ್ಟ ಜರಿಯುವಾಗ ಸರಿ. ಸಿಡಿಲಿಗೆ, ಬಿರುಗಾಳಿಗೆ ಅದು ತಪ್ಪು, ಆಗ ಒಳಗೇ ಇರಬೇಕು.

ಹಾಗಾಗಿ ನನ್ನ ಪ್ರಶ್ನೆ ಎರಡು. ‘ಬರಬಹುದು’ ಅನ್ನುವುದಕ್ಕೂ ‘ಬಂದೇಬಿಟ್ಟಿತು’ ಅನ್ನುವುದಕ್ಕೂ ನಿಮ್ಮೂರಿನ ಆಡುಮಾತಿನಲ್ಲಿ ಬೇರೆ ಬೇರೆ ಪದ ಇದೆಯಾ? ಹೊಳೆ ದಡದವರು, ಕಡಲ ಕರೆಯವರು ದಯವಿಟ್ಟು ಹೇಳಿ, ಮೀನಿಗೆ ಹೋಗುವವರಲ್ಲಿ ಖಂಡಿತ ಇರಬೇಕು. ಇನ್ನೊಂದು, ಮೆಟ್ಟಿಲಿಗೆ ಹೆಸರುಪದವೇ ಬೇಕಾ? ‘ನೋಡ್ತಿರಿ’, ‘ತಯಾರಾಗಿ’ ಥರ ಕ್ರಿಯಾಪದ ಇಟ್ಟರೆ ಬರಹದಲ್ಲಿ ಕೀಳಾಗಿ ಕಾಣುತ್ತದಾ? ಶನಿವಾರದೊಳಗೆ ಲೇಖನ ಕಳಿಸಬೇಕು. ಕಳಿಸುವ ಮೊದಲು ಅಜ್ಜಿಗೆ ಒಮ್ಮೆ ಓದಿ ಹೇಳುತ್ತೇನೆ.