ಪದಚರ್ಚೆ: ಹಳೇ ಟ್ಯಾಂಕಿಗೆ ಹೊಸದಾಗಿ ಮಾಡಿದ, ಗುಂಡು ಹಾರದ ಮಷಿನ್ ಗನ್ನಿಗೆ ಏನೆನ್ನೋಣ?

ಗೆಳೆಯರೇ,

ಎರಡನೇ ಮಹಾಯುದ್ಧದ ಕಾಲದ ಒಂದು ಶರ್ಮನ್ ಟ್ಯಾಂಕನ್ನು ಇಂಗ್ಲೆಂಡಿನಲ್ಲಿ ಕೆಲವು ಹವ್ಯಾಸಿಗಳು ಸೇರಿ ಮತ್ತೆ ಓಡುವ ಸ್ಥಿತಿಗೆ ತಂದಿದ್ದಾರೆ. ನನ್ನ ಸೋದರಮಾವನ ಮಗ ರಜೆಯ ದಿನಗಳಲ್ಲಿ ಅವರ ಜೊತೆ ಕೈ ಮಸಿ ಮಾಡಿಕೊಳ್ಳುತ್ತಾನೆ. ಅವನು ಹೇಳಿದ್ದನ್ನು ಇಟ್ಟುಕೊಂಡು ಒಂದು ಮಾಸಿಕಕ್ಕೆ ಲೇಖನ ಬರೆಯುತ್ತಿದ್ದೇನೆ. ಎಂಜಿನ್, ಚೈನು, ಬಣ್ಣದ ಭಾಗವೆಲ್ಲ ಸಲೀಸಾಗಿ ಮುಗಿಯಿತು. ಸಿಕ್ಕಿಬಿದ್ದದ್ದು ಬಂದೂಕುಗಳ ಹತ್ತಿರ. ಟ್ಯಾಂಕಿನ ಮೂಲ ಮಷಿನ್ ಗನ್‌ಗಳು ಯಾವಾಗಲೋ ಹೋಗಿವೆ. ಅವುಗಳ ಜಾಗಕ್ಕೆ ಇವರೇ ಹೊಸದಾಗಿ ಮಾಡಿ ಕೂರಿಸಿದ್ದಾರೆ. ನೋಡಲು ಥೇಟ್ ಅದೇ, ಆದರೆ ಗುಂಡು ಹಾರುವುದಿಲ್ಲ. ಇಂಗ್ಲಿಷಿನವರು ‘ರೆಪ್ಲಿಕಾ’ ಎಂದು ಒಂದೇ ಮಾತಲ್ಲಿ ಮುಗಿಸುತ್ತಾರೆ. ನಾವು?

ಮೊದಲು ವಸ್ತು ಏನೆಂದು ಹೇಳಿಬಿಡುತ್ತೇನೆ. ಶರ್ಮನ್‌ನಲ್ಲಿ ದೊಡ್ಡ 75 ಮಿ.ಮೀ. ಫಿರಂಗಿಯ ಜೊತೆಗೆ ಸಾಮಾನ್ಯವಾಗಿ ಮೂರು ಮಷಿನ್ ಗನ್ ಇರುತ್ತಿದ್ದವು. ಎರಡು ಬ್ರೌನಿಂಗ್ ಎಂ1919ಎ4. ಅದರಲ್ಲಿ ಒಂದು ಫಿರಂಗಿಯ ಪಕ್ಕದಲ್ಲೇ, ಇನ್ನೊಂದು ಟ್ಯಾಂಕಿನ ಮುಂಭಾಗದಲ್ಲಿ, ಡ್ರೈವರ್ ಪಕ್ಕ ಕೂರುವವನ ಕೈಗೆ. ಮೂರನೆಯದು ಮೇಲ್ಛಾವಣಿಯ ಮೇಲಿನ ದೊಡ್ಡ ಬ್ರೌನಿಂಗ್ ಎಂ2. ಎಂ1919 ಸುಮಾರು 14 ಕಿಲೋ ತೂಗುತ್ತದೆ. ಎಂ2 ಅಂದರೆ 38 ಕಿಲೋ, ಅದೂ ಸ್ಟ್ಯಾಂಡ್ ಬಿಟ್ಟು.

ನಿಜವಾದದ್ದನ್ನೇ ಯಾಕೆ ಇಡಬಾರದು? ಕಾನೂನು. ಬ್ರಿಟನ್ನಿನ 1968ರ ಬಂದೂಕು ಕಾಯ್ದೆಯಲ್ಲಿ ಮಷಿನ್ ಗನ್ ನಿಷೇಧಿತ ಪಟ್ಟಿಯಲ್ಲಿದೆ. 2006ರ ಇನ್ನೊಂದು ಕಾಯ್ದೆ ನಿಜದಂತೆ ಕಾಣುವ ನಕಲುಗಳ ತಯಾರಿ, ಮಾರಾಟಕ್ಕೂ ಕಡಿವಾಣ ಹಾಕಿತು. ಮ್ಯೂಸಿಯಂ, ಯುದ್ಧದ ಮರುನಟನೆ ಇಂಥವಕ್ಕೆ ವಿನಾಯಿತಿ ಉಳಿಸಿತು. ಅಮೆರಿಕದಲ್ಲಿ 1986ರ ಮೇ ತಿಂಗಳಿನಿಂದ ಖಾಸಗಿಯವರು ಹೊಸ ಮಷಿನ್ ಗನ್ ನೋಂದಾಯಿಸುವಂತಿಲ್ಲ. ಹಾಗಾಗಿ ಅಲ್ಲೂ ಹಳೇ ಜೀಪು, ಟ್ಯಾಂಕುಗಳ ಮೇಲೆ ಹುರುಳಿಲ್ಲದ ಗನ್‌ಗಳೇ ಜಾಸ್ತಿ.

ಇಲ್ಲಿ ಗೋಜಲು ಶುರುವಾಗುತ್ತದೆ. ಈ ‘ಹಾರದ’ ಗನ್‌ಗಳು ಒಂದೇ ಜಾತಿಯವಲ್ಲ. ಕೆಲವು ಹುಟ್ಟಿನಿಂದಲೇ ಬಂದೂಕಲ್ಲ. ಉಕ್ಕಿನ ತಗಡು ಕತ್ತರಿಸಿ ಪೆಟ್ಟಿಗೆ ಮಾಡಿ, ತೂತೇ ಇಲ್ಲದ ಗಟ್ಟಿ ಸರಳನ್ನು ನಳಿಗೆಯೆಂದು ಕೂರಿಸಿ, ಒಳಗೆ ಏನೂ ಇಡದೆ ಮುಚ್ಚಿದವು. ಈಚೆಗೆ ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ಗನ್‌ಗಳೂ ಬಂದಿವೆ. ಇನ್ನು ಕೆಲವು ಒಂದು ಕಾಲದಲ್ಲಿ ನಿಜವಾದ ಬಂದೂಕೇ. ಆಮೇಲೆ ಒಳಗನ್ನು ಕೆಡಿಸಿ, ಬ್ರಿಟನ್ನಿನಲ್ಲಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸಿನಿಂದ (ಬಂದೂಕು ಪರೀಕ್ಷಿಸುವ ಸಂಸ್ಥೆ) ಸರ್ಟಿಫಿಕೇಟ್ ಪಡೆದವು. ಮೂರನೇ ಬಗೆಯೂ ಇದೆ. ಗ್ಯಾಸ್ ಮತ್ತು ಆಮ್ಲಜನಕ ಹೊತ್ತಿಸಿ ಬೆಂಕಿ, ಸದ್ದು ಎರಡನ್ನೂ ತೋರಿಸುವಂಥವು. ಮೇಳಗಳಲ್ಲಿ ಮಕ್ಕಳು ಕಿವಿ ಮುಚ್ಚಿಕೊಳ್ಳುವುದು ಇವಕ್ಕೇ.

ನಮ್ಮ ಪತ್ರಿಕೆಗಳು ಇವನ್ನೆಲ್ಲ ‘ಪ್ರತಿಕೃತಿ’ ಎಂದು ಬರೆದುಬಿಡುತ್ತವೆ. ಆದರೆ ‘ಪ್ರತಿಕೃತಿ’ ಅಂದ ತಕ್ಷಣ ಕನ್ನಡ ಓದುಗನಿಗೆ ಮುಂದಿನ ಪದ ‘ದಹನ’ ಅಲ್ವಾ? ಯಾರೋ ಮಂತ್ರಿಯ ಹುಲ್ಲಿನ ಬೊಂಬೆಗೆ ಸರ್ಕಲ್ಲಿನಲ್ಲಿ ಬೆಂಕಿ ಹಚ್ಚಿದ ಚಿತ್ರ ಬರುತ್ತದೆ. ‘ನಕಲಿ’ಯೂ ಆಗದು. ನಕಲಿ ವೈದ್ಯ, ನಕಲಿ ನೋಟು, ನಕಲಿ ಪಿಸ್ತೂಲು ತೋರಿಸಿ ದರೋಡೆ, ಹೀಗೆ ಅದು ಪೂರ್ತಿ ಪೊಲೀಸ್ ಸ್ಟೇಷನ್ನಿನ ಪದ. ಇವರು ಯಾರಿಗೂ ಮೋಸ ಮಾಡುತ್ತಿಲ್ಲ, ಕೇಳಿದವರಿಗೆಲ್ಲ ಇದು ಮಾಡಿದ್ದು ಎಂದು ಹೇಳುತ್ತಾರೆ. ‘ಹುಸಿ’ಗೂ ಅದೇ ಗತಿ, ಹುಸಿ ಬಾಂಬ್ ಕರೆ ನೆನಪಾಗುತ್ತದೆ. ‘ಅಣಕು’ ಎಂದರೆ ಗೇಲಿಯ ಧಾಟಿ. ‘ಮಾದರಿ’ ಒಳ್ಳೆಯ ಪದವೇ, ಆದರೆ ಗಾತ್ರ ಚಿಕ್ಕದು ಎಂಬ ಭಾವನೆ ಬರುತ್ತದೆ. ಇವು ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಹಾಗೆ ಮಾಡಿದವು. ‘ಡಮ್ಮಿ’ ಎಲ್ಲರಿಗೂ ಗೊತ್ತು. ಮಾತಿನಲ್ಲಾದರೆ ನಾನು ಅದನ್ನೇ ಹೇಳುತ್ತೇನೆ. ಬರಹದಲ್ಲಿ ಮಾತ್ರ ಚುನಾವಣೆಯ ಡಮ್ಮಿ ಅಭ್ಯರ್ಥಿ ಇಣುಕುತ್ತಾನೆ.

ನನಗೆ ಹಿಡಿಸಿದ್ದು ‘ಪಡಿಯಚ್ಚು’. ‘ಅಪ್ಪನ ಪಡಿಯಚ್ಚು’ ಅನ್ನುವಾಗ ಮೋಸದ ವಾಸನೆ ಇಲ್ಲ, ಚಿಕ್ಕದು ಎಂಬ ಅರ್ಥವೂ ಇಲ್ಲ. ರೂಪ ಅದೇ, ಜೀವ ಬೇರೆ. ಅದನ್ನೇ ಮೊಟಕು ಮಾಡಿ ‘ಪಡಿಗೋವಿ’ ಎಂದು ಒಂದು ಕಡೆ ಬರೆದು ನೋಡಿದೆ. ಮನೆಯಲ್ಲಿ ಓದಿದವರು ‘ರೇಷನ್ ಅಂಗಡಿಯಲ್ಲಿ ಕೊಡುವ ಕೋವಿಯಾ?’ ಎಂದು ಕೇಳಿದರು. ಪಡಿತರದ ಪಡಿ ಅಷ್ಟು ಗಟ್ಟಿಯಾಗಿ ಕೂತಿದೆ. ಆದರೂ ಪದ ಬಿಡಲು ಮನಸ್ಸಿಲ್ಲ. ‘ಪಡಿಯಚ್ಚು ಕೋವಿ’ ಎಂದು ಉದ್ದಕ್ಕೇ ಬರೆದರೆ ಹೇಗೆ?

ಎರಡನೇ ಬಗೆಗೆ, ಅಂದರೆ ಒಮ್ಮೆ ನಿಜವಾಗಿದ್ದು ಈಗ ಕೆಡಿಸಿದ್ದಕ್ಕೆ, ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ. ‘ಬಾಂಬ್ ನಿಷ್ಕ್ರಿಯ ದಳ’ ನಮ್ಮಲ್ಲಿ ಆಗಲೇ ನಿಂತಿರುವ ಮಾತು. ‘ನಿಷ್ಕ್ರಿಯಗೊಳಿಸಿದ ಕೋವಿ’ ಸಾಕು. ಇವೆರಡನ್ನು ಬೆರೆಸಬಾರದು ಎಂಬುದಷ್ಟೇ ನನ್ನ ಹಟ. ಒಂದು ಬಂದೂಕಾಗಿ ಹುಟ್ಟಿಯೇ ಇಲ್ಲ, ಇನ್ನೊಂದು ಯಾವುದೋ ಯುದ್ಧ ಕಂಡಿರಬಹುದು. ಮ್ಯೂಸಿಯಂನಲ್ಲಿ ಒಂದೇ ಫಲಕ ಹಾಕಿದರೆ ಸುಳ್ಳಾಗುತ್ತದೆ.

ಕೋವಿಯೋ ಬಂದೂಕೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಮಲೆನಾಡಿನವನಾದ್ದರಿಂದ ಕೋವಿ ಬಾಯಿಗೆ ಬರುತ್ತದೆ, ಸಮಾಸಕ್ಕೂ ಒಗ್ಗುತ್ತದೆ. ಭಾಗಗಳ ವಿಷಯದಲ್ಲಂತೂ ನಮ್ಮ ಹಳೇ ಮಾತುಗಳು ಚೆನ್ನಾಗಿ ಕೆಲಸಕ್ಕೆ ಬಂದವು. ಬ್ಯಾರೆಲ್ಲಿಗೆ ನಳಿಗೆ. ಕಾರ್ಟ್ರಿಜ್‌ಗೆ ತೋಟಾ. ಬಟ್ಟೆಯ ಬೆಲ್ಟಿನಲ್ಲಿ 250 ತೋಟಾ ಸಾಲಾಗಿ ಇರುತ್ತಿದ್ದವು. ಇವರು ಮದ್ದಿಲ್ಲದ ಖಾಲಿ ತೋಟಾ ಜೋಡಿಸಿದ್ದಾರೆ. ಆ ಬೆಲ್ಟಿಗೆ ‘ತೋಟಾಪಟ್ಟಿ’ ಎಂದಿದ್ದೇನೆ. ನಳಿಗೆಯ ಸುತ್ತ ಇರುವ ತೂತು ತೂತಾದ ಕೊಳವೆಗೆ ಅವರು ಜಾಕೆಟ್ ಅನ್ನುತ್ತಾರೆ. ನಾನು ‘ಅಂಗಿ’ ಎಂದು ಹಾಕಿದೆ. ಮೊದಲ ಮಹಾಯುದ್ಧದ ವಿಕರ್ಸ್ ಗನ್ನಿಗೆ ಅದೇ ಜಾಗದಲ್ಲಿ ಸುಮಾರು 4 ಲೀಟರ್ ನೀರು ಹಿಡಿಯುವ ದಪ್ಪ ಕೊಳವೆ ಇತ್ತು. ಅದು ‘ನೀರಂಗಿ’ ಆದರೆ ಇದು ‘ಗಾಳಿಯಂಗಿ’. ಯಾರಾದರೂ ನಗುತ್ತಿದ್ದರೆ ಈಗಲೇ ಹೇಳಿ.

ಫಿರಂಗಿಯ ಪಕ್ಕದಲ್ಲಿದ್ದು ಅದರ ಜೊತೆಗೇ ತಿರುಗುವ ಗನ್ನಿಗೆ ಇಂಗ್ಲಿಷಿನಲ್ಲಿ ಕೋಆಕ್ಸಿಯಲ್. ಒಬ್ಬರು ‘ಏಕಾಕ್ಷ’ ಎಂದು ಸೂಚಿಸಿದರು. ಬೇಡ ಮಾರಾಯ್ರೆ, ಓದಿದವರಿಗೆ ಒಕ್ಕಣ್ಣ ಶುಕ್ರಾಚಾರ್ಯ ಎದುರಿಗೆ ನಿಲ್ಲುತ್ತಾನೆ. ‘ಸಮಾಕ್ಷ’ ಶಾಸ್ತ್ರಕ್ಕೆ ಸರಿ. ನನ್ನ ಮತ ‘ಜೊತೆಗೋವಿ’ಗೆ. ಅದು ಇರುವುದೇ ಜೊತೆಯಲ್ಲಿ.

ಮುಂಭಾಗದ ಗನ್ ಇನ್ನೂ ಸ್ವಾರಸ್ಯ. ಅವರು ಅದನ್ನು ಕರೆಯುವುದು ಹಡಗಿನ ಮೂತಿಯ ಹೆಸರಿನಿಂದ. ಟ್ಯಾಂಕಿನ ಪದಗಳಲ್ಲಿ ಬಹಳಷ್ಟು ಹಡಗಿನವು. 1915ರ ಫೆಬ್ರುವರಿಯಲ್ಲಿ ಬ್ರಿಟಿಷ್ ನೌಕಾ ಇಲಾಖೆಯಲ್ಲಿ, ಚರ್ಚಿಲ್ ಮುಂದಾಳತ್ವದಲ್ಲಿ ಶುರುವಾದ ಸಮಿತಿಯ ಹೆಸರೇ ನೆಲದ ಹಡಗಿನ ಸಮಿತಿ. ಗುಟ್ಟು ಬಯಲಾಗದಿರಲೆಂದು ನೀರಿನ ಟ್ಯಾಂಕು ಎಂದು ಹೇಳಿದ್ದು ಆಮೇಲೆ. ಆ ಹೆಸರೇ ಉಳಿಯಿತು. ನಮ್ಮ ಸುದ್ದಿವಾಹಿನಿಗಳು ‘ಯುದ್ಧ ಟ್ಯಾಂಕರ್’ ಎಂದಾಗ ನನಗೆ ಹಾಲಿನ ಲಾರಿ ಕಾಣುತ್ತದೆ, ಅದು ಬೇರೆ ವಿಷಯ. ಕರಾವಳಿಯ ಸದಸ್ಯರಲ್ಲಿ ಒಂದು ಕೋರಿಕೆ: ದೋಣಿಯ ಮುಂದಿನ ಚೂಪು ತುದಿಗೆ ನಿಮ್ಮ ಕಡೆ ಮೀನುಗಾರರು ಏನನ್ನುತ್ತಾರೆ? ಚಿಕ್ಕ ಪದ ಸಿಕ್ಕರೆ ಆ ಗನ್ನಿಗೆ ಅದನ್ನೇ ಅಂಟಿಸುತ್ತೇನೆ. ಇಲ್ಲದಿದ್ದರೆ ‘ಮುಂಗೋವಿ’.

ಲೇಖನದ ತಲೆಬರಹದ್ದೂ ಒಂದು ತಕರಾರು. ‘ಟ್ಯಾಂಕ್ ಜೀರ್ಣೋದ್ಧಾರ’ ಎಂದರೆ ನಮ್ಮಲ್ಲಿ ಅರ್ಧ ಜನ ಹೂಳು ತೆಗೆದ ಕೆರೆ ಅಂದುಕೊಳ್ಳುತ್ತಾರೆ. ಸರ್ಕಾರಿ ಇಂಗ್ಲಿಷಿನಲ್ಲಿ ಕೆರೆಯೇ ಟ್ಯಾಂಕು ತಾನೆ. ‘ದುರಸ್ತಿ’ ಅಂದರೆ ಪಂಕ್ಚರ್ ಹಾಕಿದ ಹಾಗೆ. ಸದ್ಯಕ್ಕೆ ‘ಹಳೇ ಶರ್ಮನ್ನಿಗೆ ಮರುಜೀವ’ ಎಂದು ಇಟ್ಟಿದ್ದೇನೆ. ಸವಕಲು ಅನ್ನಿಸುತ್ತದೆ, ಆದರೆ ಸುಮ್ನೆ ಗೊಂದಲ ಬೇಡವೆಂದು.

ಅಂದಹಾಗೆ ಶರ್ಮನ್ ನಮಗೆ ಅಷ್ಟು ದೂರದ್ದೂ ಅಲ್ಲ. 1945ರಲ್ಲಿ ಬರ್ಮಾದ ಮೇಕ್ಟೀಲಾ ಕಡೆ ಭಾರತೀಯ ಟ್ಯಾಂಕ್ ಬ್ರಿಗೇಡು ಓಡಿಸಿದ್ದು ಇವನ್ನೇ. 1965ರ ಭಾರತ-ಪಾಕ್ ಯುದ್ಧದ ಅಸಲ್ ಉತ್ತರ್ ಕಾಳಗದಲ್ಲಿ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಬಳಿಯೂ ಶರ್ಮನ್‌ಗಳಿದ್ದವು. ಹಾಗಾಗಿ ಸೇನೆಯಲ್ಲಿದ್ದವರು ಬ್ಯಾರಕ್ಕಿನಲ್ಲಿ ಈ ಗನ್‌ಗಳಿಗೆ ಏನೋ ಒಂದು ಹೆಸರು ಇಟ್ಟಿರಲೇಬೇಕು. ನಮ್ಮ ಈ ಗುಂಪಿನಲ್ಲಿರುವ ನಿವೃತ್ತ ಯೋಧರು, ಅದರಲ್ಲೂ ಕೊಡಗಿನವರು, ದಯವಿಟ್ಟು ಬರೆಯಿರಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ತೋಕನ್ನು (ಕೋವಿಯನ್ನು) ಒರೆಸಿ, ಎಣ್ಣೆ ಹಚ್ಚಿ, ಪೂಜೆಗೆ ಇಡುವ ಮನೆಗಳಲ್ಲಿ ಭಾಗ ಭಾಗಕ್ಕೂ ಹೆಸರಿರುತ್ತದೆ. ನನಗೆ ತುರ್ತಾಗಿ ಬೇಕಿರುವುದು ಎರಡು. ಟ್ರಿಗ್ಗರಿಗೆ ನಾನು ‘ಕುದುರೆ’ ಎಂದಿದ್ದೇನೆ, ಆದರೆ ಹಳಬರು ಹಾಗೆನ್ನುತ್ತಿದ್ದುದು ಮೇಲಿನಿಂದ ಬಡಿಯುವ ಸುತ್ತಿಗೆಗೆ ಎಂದು ಒಬ್ಬರು ವಾದಿಸುತ್ತಿದ್ದಾರೆ. ನಿಮ್ಮೂರಲ್ಲಿ ಯಾವುದು? ಮತ್ತೆ, ಗನ್ನನ್ನು ಹಿಡಿದು ನಿಲ್ಲಿಸುವ ಕವಲಿನಂಥ ಆಧಾರಕ್ಕೆ ‘ಕವೆ’ ನಡೆಯುತ್ತದೆಯೇ? ಸಂಪಾದಕರು ಮುಂದಿನ ವಾರವೇ ಅಚ್ಚಿಗೆ ಕಳಿಸುತ್ತಾರಂತೆ, ಸ್ವಲ್ಪ ಬೇಗ ಹೇಳಿ.