ಚಿನ್ನದ ಕಣ ಚುಚ್ಚಿ ಲೇಸರ್ ಬಿಟ್ಟರೆ ಕ್ಯಾನ್ಸರ್ ಹೋಗುತ್ತಾ?

ಊರ್ಕಡೆ ಹುಡುಗ:
ನಮ್ಮ ಸೋದರಮಾವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಹೋದ ತಿಂಗಳು ಗೊತ್ತಾಯಿತು. ಅವತ್ತಿಂದ ಫ್ಯಾಮಿಲಿ ಗ್ರೂಪಲ್ಲಿ ಒಂದೇ ಫಾರ್ವರ್ಡ್, ಚಿನ್ನದ ನ್ಯಾನೋ ಕಣ ಚುಚ್ಚಿ ಲೇಸರ್ ಬಿಟ್ಟರೆ ಗಡ್ಡೆ ಸುಟ್ಟುಹೋಗುತ್ತದೆ, ಆಪರೇಷನ್ನೂ ಬೇಡ ಕೀಮೋನೂ ಬೇಡ ಅಂತ. ಮಾವ ಈಗ ಅದು ಬರಲಿ ಅಂತ ಕಾಯುತ್ತಾ ಕೂತಿದ್ದಾರೆ. ಇದರಲ್ಲಿ ನಿಜ ಎಷ್ಟು?

ಲ್ಯಾಬ್ ಹುಳ:
ಪೂರ್ತಿ ಸುಳ್ಳೇನಲ್ಲ. ಅಮೆರಿಕದ ರೈಸ್ ಯೂನಿವರ್ಸಿಟಿಯಲ್ಲಿ ನವೋಮಿ ಹಾಲಸ್, ಜೆನ್ನಿಫರ್ ವೆಸ್ಟ್ ಶುರು ಮಾಡಿದ ಕೆಲಸ ಇದು. ಕಣದ ಒಳಗೆ ಸಿಲಿಕಾ, ಮೇಲೆ ತೆಳ್ಳಗೆ ಚಿನ್ನ, ಅಗಲ ಸುಮಾರು 150 ನ್ಯಾನೋಮೀಟರ್. ರಕ್ತಕ್ಕೆ ಬಿಡುತ್ತಾರೆ, ಗಡ್ಡೆಯ ರಕ್ತನಾಳ ಸೋರುವುದರಿಂದ ಒಂದಿಷ್ಟು ಅಲ್ಲೇ ಸಿಕ್ಕಿಕೊಳ್ಳುತ್ತವೆ, ಆಮೇಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟರೆ ಚಿನ್ನ ಕಾದು ಸುತ್ತಲಿನ ಜೀವಕೋಶ ಬೇಯುತ್ತದೆ. ಪ್ರಾಸ್ಟೇಟ್ ಮೇಲಿನ ಪ್ರಯೋಗದ ವರದಿ 2019ರಲ್ಲಿ ಬಂತು. ಎಷ್ಟು ಜನರ ಮೇಲೆ ಗೊತ್ತಾ? 16. ಅದೂ ಗಡ್ಡೆ ಗ್ರಂಥಿಯ ಹೊರಗೆ ಹರಡದೇ ಇದ್ದವರು.
ಮೊಬೈಲ್ ಟಾರ್ಚಿಗೆ ಬೆರಳು ಅಡ್ಡ ಇಟ್ಟು ನೋಡಿ, ಕೆಂಪಗೆ ಹೊಳೆಯುತ್ತದೆ. ಅಂಗೈ ಇಟ್ಟರೆ ಮಂಕು. ಹೊಟ್ಟೆಗೆ ಒತ್ತಿ ಹಿಡಿದರೆ ಬೆನ್ನಿನ ಕಡೆ ಏನೂ ಕಾಣಲ್ಲ, ಅಲ್ವಾ? ಇನ್‌ಫ್ರಾರೆಡ್ ಸ್ವಲ್ಪ ಜಾಸ್ತಿ ಒಳಗೆ ಹೋಗುತ್ತದೆ, ಅಷ್ಟೇ. ಅದಕ್ಕೇ ಆ ಪ್ರಯೋಗದಲ್ಲಿ ಲೇಸರ್ ಫೈಬರನ್ನು ಗ್ರಂಥಿಯ ಒಳಕ್ಕೇ ತೂರಿಸಬೇಕಾಯಿತು. ಫಾರ್ವರ್ಡಲ್ಲಿ ಇದನ್ನು ಯಾಕೆ ಬರೆಯುತ್ತಾರೆ ಹೇಳಿ!

ಫಿಲ್ಟರ್ ಕಾಫಿ:
ಈಗ ಜಾಸ್ತಿ ಕೆಲಸ ನಡೆಯುತ್ತಿರುವುದು ಎರಡು ಮೂರು ಚಿಕಿತ್ಸೆ ಒಂದೇ ಕಣಕ್ಕೆ ತುಂಬುವುದರಲ್ಲಿ. ಬೆಳಕು ಬಿದ್ದಾಗ ಅಲ್ಲಿನ ಆಕ್ಸಿಜನ್ನನ್ನೇ ವಿಷ ಮಾಡುವ ಔಷಧಿ ಇದೆ, ಫೋಟೋಫ್ರಿನ್ ಅಂತ ಒಂದು 1995ರಿಂದಲೇ ಅಮೆರಿಕದಲ್ಲಿ ಬಳಕೆಯಲ್ಲಿದೆ (ತಗೊಂಡವರು ತಿಂಗಳುಗಟ್ಟಲೆ ಬಿಸಿಲಿಗೆ ಬರುವ ಹಾಗಿಲ್ಲ, ಅದು ಬೇರೆ ಪಾಡು). ಆದರೆ ಗಡ್ಡೆಯ ನಡುವೆ ಆಕ್ಸಿಜನ್ನೇ ಕಡಿಮೆ. ಹದವಾಗಿ ಬಿಸಿ ಮಾಡಿದರೆ ರಕ್ತ ಹರಿದು ಆಕ್ಸಿಜನ್ ಬರುತ್ತದೆ, ಅದೇ ಬಿಸಿಗೆ ಕಣದೊಳಗಿನ ಕೀಮೋ ಔಷಧಿಯೂ ಬಿಚ್ಚಿಕೊಳ್ಳುತ್ತದೆ. ಲೆಕ್ಕ ಚೆನ್ನಾಗಿದೆ. ಆದರೆ ಹೆಚ್ಚಿನದೆಲ್ಲ ಇಲಿಗಳ ಮೇಲೆ. ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ಮುಟ್ಟುವುದು ನೂರಕ್ಕೆ ಒಂದೂ ಇಲ್ಲ ಅಂತ 2016ರಲ್ಲಿ ಟೊರೊಂಟೊದವರು ಹಳೇ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ತೆಗೆದರು. ಉಳಿದದ್ದರಲ್ಲಿ ಬಹಳಷ್ಟು ಲಿವರ್, ಗುಲ್ಮದ ಪಾಲು.
ಮಾವನಿಗೆ ಡಾಕ್ಟರೇ ಸದ್ಯಕ್ಕೆ ಕಾಯೋಣ ಅಂದರೆ ಬೇರೆ ಮಾತು, ಪ್ರಾಸ್ಟೇಟಲ್ಲಿ ಹಾಗೂ ಹೇಳುತ್ತಾರೆ. ವಾಟ್ಸಾಪ್ ನಂಬಿ ಕಾಯಬೇಡಿ.

ಊರ್ಕಡೆ ಹುಡುಗ:
ಥ್ಯಾಂಕ್ಸ್. ಟಾರ್ಚ್ ಇಟ್ಟು ತೋರಿಸಿದೆ. ಮಾವ ಐದು ನಿಮಿಷ ಸುಮ್ನೆ ಬೆರಳು ನೋಡುತ್ತಾ ಕೂತರು, ಆಮೇಲೆ "ಸೋಮವಾರ ಬಯಾಪ್ಸಿ ರಿಪೋರ್ಟ್ ತಗೋ, ಹೋಗೋಣ" ಅಂದರು. ಫಾರ್ವರ್ಡ್ ಹಾಕಿದ ಅತ್ತೆಗೆ ಇನ್ನೂ ಹೇಳಿಲ್ಲ.