ಅಡಿಕೆ ಆರಿಸುವುದು ಬರುತ್ತದೆ, ಜನರನ್ನು ನಡೆಸುವುದು ಬರುತ್ತಿಲ್ಲ

ಶಿರಸಿ ಹುಡುಗ:
ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಒಂದು ಅಡಿಕೆ ವ್ಯಾಪಾರದ ಸಂಸ್ಥೆಯಲ್ಲಿದ್ದೇನೆ. ಹೆಸರು ಬೇಡ, ಊರು ಸಣ್ಣದು. 14 ಜನ ಇದ್ದೇವೆ. ಎಂಟು ವರ್ಷ ಅಡಿಕೆ ಆರಿಸುವ ಕಡೆಯೇ ಇದ್ದವನು, ಚಾಲಿ, ಕೋಕಾ, ಬಿಳೆಗೋಟು, ಹೀಗೆ ಅಡಿಕೆಯ ಯಾವ ದರ್ಜೆ ಕೈಗೆ ಸಿಕ್ಕರೂ ಸಾಕು, ನೋಡದೆ ಹೇಳುತ್ತೇನೆ. ಅದನ್ನು ಕಂಡೇ ಮಾಲೀಕರು ಯುಗಾದಿಗೆ ಮ್ಯಾನೇಜರ್ ಮಾಡಿದರು. ಅವತ್ತಿನಿಂದ ನಿದ್ದೆ ಇಲ್ಲ.

ನಮ್ಮಲ್ಲಿ ಒಬ್ಬರು ಹಿರಿಯರು, ನನಗೆ ಭಾವ ಆಗಬೇಕು. ಒಂಬತ್ತೂವರೆಗೆ ಬರಬೇಕಾದವರು ಈ ಎರಡು ತಿಂಗಳಿಂದ ಹತ್ತೂವರೆಗೆ ಬರುತ್ತಾರೆ. ನನಗೆ ಕೆಲಸ ಕಲಿಸಿದವರೇ ಅವರು. ಹೇಳಿದರೆ ನಾಳೆ ಮದುವೆಮನೆ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರುವುದು ಹೇಗೆ? ಹೇಳದಿದ್ದರೆ ಹುಡುಗರು 'ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ' ಅನ್ನುತ್ತಾರೆ. ಆ ಹುಡುಗರು ಆರಿಸಿದ್ದೂ ಸರಿ ಇರುವುದಿಲ್ಲ, ಎಲ್ಲರೂ ಹೋದ ಮೇಲೆ ರಾತ್ರಿ ಎಂಟರವರೆಗೆ ಕೂತು ನಾನೇ ಮತ್ತೆ ಆರಿಸುತ್ತೇನೆ, ಮಾಲು ಜಾಸ್ತಿ ಇದ್ದರೆ ಅವರನ್ನೂ ಕೂರಿಸಿಕೊಳ್ಳುತ್ತೇನೆ. ಮಾಲೀಕರು ವಾಟ್ಸಾಪ್ ಗ್ರೂಪಿನಲ್ಲೇ ಬೈಯುತ್ತಾರೆ, ಅದು ಬೇರೆ ಕತೆ. ಭಾವನಿಗೆ ಹೇಗೆ ಹೇಳಲಿ?

ಕಾರವಾರದವ:
ಭಾವನ ವಿಷಯ ಆಮೇಲೆ. ರಾತ್ರಿ ಕೂತು ಮತ್ತೆ ಆರಿಸುತ್ತೀರಲ್ಲ ಮಾರಾಯ್ರೇ, ರೋಗ ಅಲ್ಲಿದೆ. ನಮ್ಮ ಮನೆಯವರೆಲ್ಲ ಮೀನಿನ ಬೋಟಿನಲ್ಲಿ ದುಡಿದವರು. ತಾಂಡೇಲನೇ, ಅಂದರೆ ಬೋಟು ನಡೆಸುವ ಮುಖ್ಯಸ್ಥನೇ, ಬಲೆ ಎಳೆಯಲು ನಿಂತರೆ ಮೀನು ಎತ್ತ ತಿರುಗಿತು ಅಂತ ನೋಡುವವರು ಯಾರು? ಎಳೆಯಲು ಬರುವುದಿಲ್ಲ ಅಂತಲ್ಲ, ಎಲ್ಲರಿಗಿಂತ ಚೆನ್ನಾಗಿ ಬರುತ್ತದೆ, ಆದರೂ ಸುಮ್ನೆ ನಿಂತು ನೀರು ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ ಅಲ್ವಾ, ಎಲ್ಲರೂ ಮನೆಗೆ ಹೋಗುತ್ತಾರೆ. ಆಗಸ್ಟಿನಲ್ಲಿ ಯಾರ ಬೋಟಿಗೆ ಹಳೆಯ ಜನ ತಿರುಗಿ ಬಂದರು ಅಂತ ನೋಡಿ, ತಾಂಡೇಲ ಎಂಥವನು ಅಂತ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಮನೆಯಲ್ಲೇ ಆಫೀಸು:
ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು ಬೆಂಗಳೂರು ಕಂಪನಿಯೊಂದರ ಎಚ್‌ಆರ್ ಕೆಲಸ ಮಾಡುವವಳು, ಕರೆಂಟ್ ಇದ್ದಾಗ. ಮೇಲಿನವರು ಹೇಳಿದ್ದು ಸರಿ. ಮ್ಯಾನೇಜರ್ ಅಂತ ಒಬ್ಬರು ಬೇಕಾ ಬೇಡವಾ ಅಂತ ಗೂಗಲ್‌ನವರು 2008ರ ಸುಮಾರಿಗೆ ತಮ್ಮಲ್ಲೇ ಲೆಕ್ಕ ಹಾಕಿ ನೋಡಿದ್ದರು, ಪ್ರಾಜೆಕ್ಟ್ ಆಕ್ಸಿಜನ್ ಅಂತ ಹೆಸರು. ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಕಂಡ ಎಂಟು ಗುಣಗಳನ್ನು ಸಾಲಾಗಿ ಬರೆದರು. ಕಲಿಸಿಕೊಡುವುದು ಮೊದಲನೆಯದು. ಕೆಲಸದ ಪರಿಣತಿ, ಅಂದರೆ ನಿಮಗೆ ಯಾವುದಕ್ಕಾಗಿ ಬಡ್ತಿ ಸಿಕ್ಕಿತೋ ಅದು, ಎಂಟನೆಯದು.

ಕುಮಟೆ ಅಕ್ಕ:
ತಮ್ಮಾ, ಗೂಗಲ್ ದೂರ ಆಯಿತು. ನಾನು ಸಣ್ಣ ಗೇರುಬೀಜ ಫ್ಯಾಕ್ಟರಿ ನಡೆಸುವವಳು. ಎಂಟರವರೆಗೆ ಹುಡುಗರನ್ನು ಕೂರಿಸಿದ್ದಕ್ಕೆ ದುಡ್ಡು ಕೊಡುತ್ತೀರಾ? ವಾರಕ್ಕೆ 48 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ ಅಂತ ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯಲ್ಲೇ ಇದೆ. ಸಂಜೆಯ ಎರಡು ಗಂಟೆ ಬಿಟ್ಟಿ ತೆಗೆದುಕೊಂಡು ಬೆಳಿಗ್ಗೆಯ ಒಂದು ಗಂಟೆಗೆ ಲೆಕ್ಕ ಕೇಳಿದರೆ ಯಾರು ಒಪ್ಪುತ್ತಾರೆ?

ತಡದ ವಿಷಯಕ್ಕೆ ಬಂದರೆ, ನಾನೇ ಮಾಡಿದ ತಪ್ಪು ಹೇಳುತ್ತೇನೆ. ಇಬ್ಬರು ಹೆಂಗಸರು ದಿನಾ ತಡ ಮಾಡುತ್ತಿದ್ದರು, ಎಲ್ಲರ ಎದುರಿಗೇ ಅರ್ಧ ದಿನದ ಕೂಲಿ ಕಡಿದೆ. ವಾರದೊಳಗೆ ಇಬ್ಬರೂ ಬಿಟ್ಟರು. ಬೀಜದ ಸಿಪ್ಪೆ ತೆಗೆಯುವುದರಲ್ಲಿ ಅವರಷ್ಟು ಚುರುಕಿನವರು ಇವತ್ತಿಗೂ ಸಿಕ್ಕಿಲ್ಲ. ಆಮೇಲೆ ತಿಳಿಯಿತು, ಅವರೂರಿನ ಬಸ್ಸಿನ ಸಮಯ ಬದಲಾಗಿತ್ತು, ಅಷ್ಟೇ. ಭಾವನನ್ನು ಗೋದಾಮಿನಲ್ಲಿ ಕೇಳಬೇಡಿ. ಸಂಜೆ ಮನೆಗೆ ಹೋಗಿ, ಕವಳ (ಎಲೆಯಡಿಕೆ) ಹಾಕುತ್ತಾ ಕೇಳಿ. 'ಯಾಕೆ ತಡ' ಅನ್ನಬೇಡಿ, 'ಬೆಳಿಗ್ಗೆ ಏನು ತೊಂದರೆ' ಅನ್ನಿ.

ಶಿರಸಿ ಹುಡುಗ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಹಾಗೆ ಮನೆಗೆ ಹೋದೆ. ಎರಡು ಕವಳ ಮುಗಿಯುವವರೆಗೂ ಭಾವ ಮಳೆಯ ವಿಷಯವೇ ಮಾತಾಡಿದರು. ಆಮೇಲೆ ಬಾಯಿ ಬಿಟ್ಟರು. ಬೆಳಿಗ್ಗೆ ಮೊದಲು ಬಂದವರು ಹಿಂದಿನ ದಿನದ ತೂಕವನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು ಅಂತ ನಿಯಮ ಇದೆ. ಅವರಿಗೆ ಅದು ಬರುವುದಿಲ್ಲ. ಹುಡುಗರ ಎದುರು ಒಂದೊಂದೇ ಅಕ್ಷರ ಹುಡುಕಿ ಒತ್ತಲು ನಾಚಿಕೆ. ಆ ನಿಯಮ ಮಾಡಿದವನು ನಾನೇ, ಮ್ಯಾನೇಜರ್ ಆದ ಮೊದಲ ವಾರ!

ಈಗ ಎಂಟ್ರಿ ಒಬ್ಬ ಹುಡುಗನ ಪಾಲಿಗೆ. ಭಾವ ಒಂಬತ್ತೂಕಾಲಿಗೇ ಬಂದು ಉಳಿದವರಿಗೆ ಆರಿಸುವುದನ್ನು ಕಲಿಸುತ್ತಾರೆ. ನಿನ್ನೆ ಚಾಲಿ ರಾಶಿಯಲ್ಲಿ ಬಿಳೆಗೋಟು ಬೆರೆತಿತ್ತು. ನನ್ನ ಕೈ ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ಅದನ್ನು ಆರಿಸಿದ ಹುಡುಗನ ಕೈಯಲ್ಲೇ ಭಾವ ಮತ್ತೆ ಆರಿಸುವಂತೆ ಮಾಡಿದರು. ಹೆಚ್ಚು ಹೊತ್ತು ಕೂರಿಸಿದ್ದರ ದುಡ್ಡಿನ ವಿಷಯ ಮಾಲೀಕರಿಗೆ ಹೇಳಿದ್ದೇನೆ, 'ನೋಡೋಣ' ಅಂದಿದ್ದಾರೆ. ಗ್ರೂಪಿನಲ್ಲಿ ಬೈಯುವುದು ಮಾತ್ರ ನಿಂತಿಲ್ಲ.

ಕಾರವಾರದವ:
ಬೈದ ಕೂಡಲೇ ಗ್ರೂಪಿನಲ್ಲಿ ಉತ್ತರ ಕೊಡಬೇಡಿ, ಫೋನ್ ಮಾಡಿ. 'ತಪ್ಪು ನನ್ನ ಮೇಲೆ ಹಾಕಿ, ಹುಡುಗರಿಗೆ ನಾನು ಹೇಳುತ್ತೇನೆ' ಅನ್ನಿ. ನಾಲ್ಕು ಸಲ ಹೀಗೆ ಮಾಡಿದ ಮೇಲೆ ನಮ್ಮ ಸಾಹೇಬರು ನೇರ ನನಗೇ ಫೋನ್ ಮಾಡಿ ಬೈಯಲು ಶುರು ಮಾಡಿದರು. ಗ್ರೂಪಿನಲ್ಲಿ ಈಗ ಬರೀ ಗುಡ್ ಮಾರ್ನಿಂಗ್.